ಬೀಗದ ಬೀಗರು

ಜನವರಿ 11

ಮಾವನಿಗೆ, ನೀನೇ ಹೆಸರಿಟ್ಟ ಚಿಲಕದ ನಮಸ್ಕಾರ.

ಫೋನ್ ಇರುವಾಗ ಪತ್ರ ಯಾಕೆ ಅಂತ ನೀನು ಕೇಳೇ ಕೇಳುತ್ತೀಯ. ಫೋನಿನಲ್ಲಿ ನನ್ನ ಒಂದು ವಾಕ್ಯ ಮುಗಿಯುವುದರೊಳಗೆ ನಿನ್ನ ಎರಡು ಜೋಕು ಮುಗಿದಿರುತ್ತವೆ. ಪತ್ರದಲ್ಲಿ ನೀನು ನಡುವೆ ಬಾಯಿ ಹಾಕುವಂತಿಲ್ಲ. ಅದಕ್ಕೆ ಪತ್ರ.

ಕ್ಷೇಮವಾಗಿ ಬಂದು ಸೇರಿದ್ದೇನೆ. ಇಲ್ಲಿನ ಭಾಷೆ ಕಲಿತು ಬಂದದ್ದು ಉಪಯೋಗಕ್ಕೆ ಬರುತ್ತಿದೆ. ರೂಮು ಚಿಕ್ಕದು, ಕಿಟಕಿ ದೊಡ್ಡದು. ಕೆಳಗಡೆ ಒಂದು ಸೈಕಲ್ ರಿಪೇರಿ ಅಂಗಡಿ, ಅದರ ಪಕ್ಕ ಬಸ್ ನಿಲ್ದಾಣ. ಬೀಗದ ಕಾರ್ಖಾನೆಗೆ ನಡೆದೇ ಹೋಗುತ್ತೇನೆ. ಒಳಗೆ ಕಾಲಿಟ್ಟರೆ ನಿನಗೆ ದಿಗಿಲಾಗುತ್ತೆ, ಮಾವ. ಅಷ್ಟೊಂದು ಜನ, ಅಷ್ಟೊಂದು ಯಂತ್ರ, ಒಂದೇ ಒಂದು ಬೈಗುಳವಿಲ್ಲ! ಉದ್ದನೆಯ ಕೋಣೆಯಲ್ಲಿ ಸಾಲಾಗಿ ಮೇಜುಗಳು. ತಲೆ ತಗ್ಗಿಸಿ ಕೆಲಸ ಮಾಡುತ್ತಾರೆ. ಸ್ಪ್ರಿಂಗ್ ಕೆಳಗೆ ಬಿದ್ದರೂ ಸದ್ದು ಕೇಳುತ್ತೆ.

ಬಂದ ಕೆಲಸ ಏನು ಅಂತ ಅತ್ತೆ ಮೂರು ಸಲ ಕೇಳಿದರು, ಮೂರು ಸಲವೂ ನೀನು ತಮಾಷೆ ಮಾಡಿ ಮುಗಿಸಿದೆ. ಈ ಪತ್ರ ಅವರಿಗೂ ಓದಿ ಹೇಳು. ಇವರ ಹೊಸ ಬಾಗಿಲ ಬೀಗಕ್ಕೆ ಹಿತ್ತಾಳೆಯ ಒಡಲು ನಮ್ಮ ಎರಕದ ಮನೆಯಿಂದ ಬರಬೇಕು, ಒಳಗಿನ ಕೀಲು, ಸ್ಪ್ರಿಂಗ್ ಇವರದು. ಮೇ ತಿಂಗಳೊಳಗೆ ಒಪ್ಪಂದಕ್ಕೆ ಸಹಿ ಬಿದ್ದರೆ ನಮ್ಮ ಕುಲುಮೆ ಮತ್ತೆ ಹೊತ್ತುತ್ತೆ. ಇಲ್ಲದಿದ್ದರೆ ಎರಕದ ಮನೆ ಮುಚ್ಚಬೇಕು. ನೀನು ಕಟ್ಟಿದ ಮನೆ ಅದು. ಮುಚ್ಚುತ್ತಿದ್ದೇವೆ ಅಂತ ಮೇಸ್ತ್ರಿಯ ಮುಖ ನೋಡಿ ಹೇಳುವ ಕೆಲಸ ನನಗೆ ಬರುವುದು ಬೇಡ.

ಬೀಗದ ವಿನ್ಯಾಸ ಮಾಡಿದವರು ಇಲ್ಲಿನ ಹಿರಿಯರು. ನಿನಗಿಂತ ಸ್ವಲ್ಪ ಚಿಕ್ಕವರಿರಬಹುದು. ತುಂಬಾ ಮರ್ಯಾದಸ್ಥರು, ಮಾತು ಮಾತ್ರ ಇಲ್ಲ. ಒಂದು ವಿಚಿತ್ರ ಅಂದರೆ, ಇಲ್ಲಿ ಎಲ್ಲರಿಗೂ ಮರೆವು ಜಾಸ್ತಿ. ಬೆಳಿಗ್ಗೆ ಬಂದರೆ ನನ್ನ ಮೇಜಿನ ಮೇಲೆ ಯಾರದೋ ಕೀಲು, ಯಾರದೋ ಅರ್ಧ ಉಜ್ಜಿದ ಕೀಲಿಕೈ ಬಿದ್ದಿರುತ್ತೆ. ಒಂದು ಚೀಟಿ ಕೂಡ ಇರುವುದಿಲ್ಲ. ನಾನು ಒಂದೊಂದನ್ನೂ ಹುಡುಕಿಕೊಂಡು ಹೋಗಿ ವಾಪಸ್ ಕೊಟ್ಟು ಬರುತ್ತೇನೆ. ವಿನ್ಯಾಸಗಾರರಂತೂ ಹೊಸ ಬೀಗವನ್ನೇ ನನ್ನ ಮೇಜಿನ ಮೇಲೆ ಬಿಟ್ಟುಹೋಗಿದ್ದರು! ಮುಟ್ಟಲೂ ಇಲ್ಲ ನಾನು. "ಸಾರ್, ಮರೆತು ಹೋಗಿದ್ರಿ" ಅಂತ ಕೈಗೆ ಕೊಟ್ಟೆ. ಸುಮ್ಮನೆ ತಗೊಂಡರು. ನನ್ನ ಪ್ರಾಮಾಣಿಕತೆ ನೋಡಿ ಖುಷಿಯಾಗಿರಬೇಕು.

ಈ ತಿಂಗಳ ಕೊನೆಗೆ ಬೀಗವನ್ನು ಎಲ್ಲರ ಮುಂದೆ ಇಡುತ್ತಾರಂತೆ. ಮುಖ್ಯಸ್ಥರೂ ಬರುತ್ತಾರೆ. ನಾನು ಏನಾದರೂ ಮಾತಾಡಬೇಕಾಗಬಹುದು. ಏನು ಮಾತಾಡಲಿ?

ನಿನ್ನ ಚಿಲಕ


ಜನವರಿ 19

ಚಿಲಕಮ್ಮನಿಗೆ ಮಾವನ ಆಶೀರ್ವಾದ, ಅತ್ತೆಯ ಡಬಲ್ ಆಶೀರ್ವಾದ.

ಅಲ್ಲ ಕಣೆ, ಇಷ್ಟು ವರ್ಷ ಬೀಗ ಮಾಡಿದ್ದಾಯಿತು, ಈಗ ಬೀಗರನ್ನು ಮಾಡಿಕೊಳ್ಳುವ ಯೋಗ ಬಂತು ನೋಡು! ಒಡಲು ನಮ್ಮ ಹುಡುಗಿ, ಕೀಲು ಅವರ ಹುಡುಗ. ಮೇ ತಿಂಗಳಲ್ಲಿ ಲಗ್ನ. ಸಹಿ ಆದರೆ ಸಿಹಿ, ಆಗದಿದ್ದರೆ ಕಹಿ. ಒಂದೇ ಒಂದು ಮಾತು ನೆನಪಿಟ್ಟುಕೊ: ಬೀಗ ಮಾಡುವವರು ಬೀಗರ ಮುಂದೆ ಬೀಗಬಾರದು. ಹಾಗಂತ ಬಾಗಲೂಬಾರದು.

ಆ ವಿನ್ಯಾಸಗಾರರಿಗೆ ನಾನು 'ಬಾಯಿಬೀಗ' ಅಂತ ಹೆಸರಿಟ್ಟಿದ್ದೇನೆ. ನೀನು ಅವರ ಎದುರಿಗೆ ಕರೆಯಬೇಡ. ಕರೆದರೂ ಅರ್ಥವಾಗುವುದಿಲ್ಲ ಅನ್ನುವ ಧೈರ್ಯ ನನ್ನದು.

ಏನು ಮಾತಾಡಲಿ ಅಂತ ಕೇಳ್ತೀಯಲ್ಲ, ಯಾರ ಮನೆಯಲ್ಲಿ ಬೆಳೆದವಳು ನೀನು? ನಮ್ಮಲ್ಲಿ ಹೊಸ ಬೀಗ ಬಂದರೆ ಏನು ಮಾಡುತ್ತೇವೆ? ಅಂಗಳದಲ್ಲಿ ಎಲ್ಲರನ್ನೂ ಸೇರಿಸಿ, ಬೀಗ ನನ್ನ ಕೈಗೆ ಕೊಡುತ್ತಾರೆ. ನಾನು ಪಿನ್ನು ಹಾಕಿ ತೆಗೆಯುತ್ತೇನೆ. ತೆಗೆದು, ಮಾಡಿದವನ ಜನ್ಮ ಜಾಲಾಡುತ್ತೇನೆ. ಅವನು ನಗುತ್ತಾನೆ, ಎಲ್ಲರೂ ನಗುತ್ತಾರೆ, ಮಾರನೇ ದಿನ ಅವನು ಇನ್ನೂ ಗಟ್ಟಿ ಬೀಗ ತರುತ್ತಾನೆ. ನಾನು ಕೈಯಲ್ಲಿ ಮುಟ್ಟದೆ ಪಕ್ಕಕ್ಕಿಟ್ಟ ಬೀಗದ ಯಜಮಾನ ಮಾತ್ರ ಅಳುತ್ತಾನೆ! ತೆಗೆಯುವಷ್ಟು ಯೋಗ್ಯತೆಯೂ ನನ್ನ ಬೀಗಕ್ಕಿಲ್ಲವೇ ಅಂತ.

ಅದನ್ನೇ ಮಾಡು. ಎಲ್ಲರ ಮುಂದೆ ತೆಗೆ. ನಮ್ಮ ಕಲೆ ಅವರಿಗೂ ಗೊತ್ತಾಗಲಿ. ಒಂದು ಒಳ್ಳೆ ಬೈಗುಳ ಇಟ್ಟರೆ ಸಾಕು, ಅಷ್ಟೂ ಜನ ನಿನ್ನ ನೆಂಟರಾಗುತ್ತಾರೆ.

ನಿನ್ನ ಅತ್ತೆ ಇದನ್ನು ಓದಿ, "ಆ ಮಗೂಗೆ ಯಾಕ್ರೀ ತಲೆ ಕೆಡಿಸ್ತೀರಾ? ಊರಿಗೊಂದು ರೀತಿ ಇರುತ್ತೆ" ಅಂದಳು. ನಾನು, "ಊರಿಗೊಂದು ರೀತಿ, ನನಗೊಂದೇ ಪ್ರೀತಿ" ಅಂದೆ. ಅವಳು ಒಳಗೆ ಹೋದಳು.

ಕುಲುಮೆಯ ಮುಂದೆ ಬೆಕ್ಕು ಮರಿ ಹಾಕಿದೆ. ಬೆಚ್ಚಗಿಲ್ಲ ಅಂತ ಅದಕ್ಕೂ ಗೊತ್ತು, ಆದರೂ ನಂಬಿಕೆ ನೋಡು.

ಇಂತಿ,
ಬೀಗದ ಮನೆಯ ಹಳೇ ಕಳ್ಳ, ನಿನ್ನ ಮಾವ


ಫೆಬ್ರವರಿ 4

ಮಾವ,

ತೆಗೆದೆ. ಹೇರ್‌ಪಿನ್ನಿನಿಂದ. ನೀನು ಹೇಳಿಕೊಟ್ಟ ಹಾಗೇ ಒಳಗಿನ ಸ್ಪ್ರಿಂಗನ್ನು ಮೇಲಕ್ಕೆ ಒತ್ತಿ, ಒಂಚೂರು ತಿರುವಿದೆ. ಕ್ಲಿಕ್ ಅಂತು. ಆಮೇಲೆ ಅವರ ಭಾಷೆಯಲ್ಲೇ, ಕನ್ನಡಿ ಮುಂದೆ ಅಭ್ಯಾಸ ಮಾಡಿಕೊಂಡಿದ್ದ ಮಾತು ಹೇಳಿದೆ. "ನಮ್ಮಜ್ಜಿಯ ಸಕ್ಕರೆ ಡಬ್ಬದ ಮುಚ್ಚಳ ಇದಕ್ಕಿಂತ ಗಟ್ಟಿ!"

ಯಾರೂ ನಗಲಿಲ್ಲ.

ಜೋಕು ಅರ್ಥವಾಗಲಿಲ್ಲವೇನೋ ಅಂತ ಇನ್ನೊಂದು ಸಲ ಹೇಳಿದೆ, ಮಾವ. ಇನ್ನೊಂದು ಸಲ! ಮುಖ್ಯಸ್ಥರು ತಮ್ಮ ಶೂ ನೋಡುತ್ತಾ ನಿಂತರು. ವಿನ್ಯಾಸಗಾರರು ಮುಂದೆ ಬಂದು, ಬಿಚ್ಚಿದ ಬೀಗವನ್ನು ಎರಡೂ ಕೈಯಿಂದ ಎತ್ತಿ, ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟರು. ನನಗೆ ಥ್ಯಾಂಕ್ಸ್ ಕೂಡ ಹೇಳಿದರು. ಮಾರನೇ ದಿನದಿಂದ ರಜೆ ಹಾಕಿದ್ದಾರೆ.

ಈಗ ಎಲ್ಲರೂ ನನ್ನ ಜೊತೆ ತುಂಬಾ ಚೆನ್ನಾಗಿ ಮಾತಾಡುತ್ತಾರೆ. ಎಷ್ಟು ಚೆನ್ನಾಗಿ ಅಂದರೆ, ಭಯವಾಗುತ್ತೆ. ಬಾಗಿಲು ತೆಗೆದು ಹಿಡಿಯುತ್ತಾರೆ, ಕುರ್ಚಿ ಎಳೆದು ಕೊಡುತ್ತಾರೆ. ಕೇಳಿದ ನಕ್ಷೆ ಮಾತ್ರ ಬರುವುದಿಲ್ಲ. ನನ್ನ ಮೇಜಿನ ಮೇಲೆ ಈಗ ಯಾರೂ ಏನೂ ಮರೆತು ಹೋಗುವುದಿಲ್ಲ. ಒಮ್ಮೆಗೇ ಎಲ್ಲರಿಗೂ ನೆನಪಿನ ಶಕ್ತಿ ಬಂದುಬಿಟ್ಟಿದೆ.

ಏನು ಮಾಡಲಿ?

ಚಿಲಕ


ಫೆಬ್ರವರಿ 12

ಚಿಲಕ,

ತಲೆ ಕೆಡಿಸಿಕೊಳ್ಳಬೇಡ. ನೋವಾಗಿದೆ, ಅಷ್ಟೇ ತಾನೆ? ನೋವು ಎಲ್ಲರ ಮುಂದೆ ಆಗಿದೆ, ಔಷಧಿಯೂ ಎಲ್ಲರ ಮುಂದೆ ಆಗಲಿ. ಆತ ರಜೆಯಿಂದ ಬಂದ ದಿನ ಎಲ್ಲರನ್ನೂ ಕರೆದು ನಿಲ್ಲಿಸಿ, ಗಟ್ಟಿಯಾಗಿ ಕ್ಷಮೆ ಕೇಳು. ಗುಟ್ಟಾಗಿ ಕೇಳಿದ ಕ್ಷಮೆ ಯಾರಿಗೆ ಬೇಕು? ನಾನು ಮೇಸ್ತ್ರಿಯ ಮೀಸೆಗೆ ಅಂಟು ಹಚ್ಚಿದ್ದಾಗ ಹಾಗೇ ಮಾಡಿದ್ದು. ಅಂಗಳದ ನಡುವೆ ಕಿವಿ ಹಿಡಿದು ಬಸ್ಕಿ ಹೊಡೆದೆ. ಮೀಸೆ ಹೋದರೂ ಸ್ನೇಹ ಉಳಿಯಿತು.

ಮಾತಿನಿಂದ ಕಳೆದುಕೊಂಡದ್ದನ್ನು ಮಾತಿನಿಂದಲೇ ಗಳಿಸಬೇಕು. ಧೈರ್ಯ ತಗೊ.

ಮಾವ


ಮಾರ್ಚ್ 3

ಮಾವ,

ನೀನು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದೆ. ಬಸ್ಕಿ ಒಂದು ಬಿಟ್ಟು.

ಎಲ್ಲರನ್ನೂ ಕರೆದೆ. "ನಿಮಗೆ ಅವಮಾನ ಮಾಡಿದೆ, ದಯವಿಟ್ಟು ಕ್ಷಮಿಸಿ" ಅಂದೆ. ವಿನ್ಯಾಸಗಾರರ ಎರಡೂ ಕಿವಿ ಕೆಂಪಾದವು. ಅಷ್ಟೂ ಜನ ಅವರ ಬಾಯನ್ನೇ ನೋಡುತ್ತಿದ್ದರು. "ಪರವಾಗಿಲ್ಲ" ಅನ್ನದೆ ಅವರಿಗೆ ಬೇರೆ ದಾರಿ ಎಲ್ಲಿತ್ತು? ಅಂದರು. ಅಂದು, ಕೈ ಒರೆಸಿಕೊಂಡು ಹೊರಗೆ ಹೋದರು.

ನನ್ನ ಪಕ್ಕದ ಮೇಜಿನ ಹೆಂಗಸು, ಕೀಲಿಕೈಗಳ ಹಲ್ಲು ಉಜ್ಜುವವಳು, ನೀರು ಕುಡಿಯುವ ಜಾಗದಲ್ಲಿ ಸಿಕ್ಕಿದಳು. "ಮತ್ತೆ ಅದನ್ನೇ ಮಾಡಿದ್ರಲ್ಲ" ಅಂದಳು.

"ನಾನು ಕ್ಷಮೆ ಕೇಳಿದ್ದು" ಅಂದೆ.

"ಹೌದು. ಎಲ್ಲರ ಮುಂದೆ." ಅಷ್ಟು ಹೇಳಿ ಲೋಟ ತೊಳೆದಿಟ್ಟಳು. ಸ್ವಲ್ಪ ದೂರ ಹೋಗಿ ತಿರುಗಿ, "ನಿಮಗೆ ಮೂರು ವಾರ ಸಮಯ ಇತ್ತು" ಅಂದಳು. ಯಾವ ಮೂರು ವಾರ? ಎಂಥ ಸಮಯ? ಕೇಳಿದರೆ ನಕ್ಕು ತನ್ನ ಮೇಜಿಗೆ ಹೋದಳು.

ನಿನ್ನೆ ಇನ್ನೊಂದು ಎರಕದ ಕಂಪನಿಯವರು ಬಂದು ಹೋದರು. ಹಿತ್ತಾಳೆ ಮಾದರಿ ತಂದಿದ್ದರು. ನಾನು ಮೆಟ್ಟಿಲ ಮೇಲೆ ಅವರಿಗೆ ದಾರಿ ಬಿಟ್ಟು ನಿಂತೆ.

ಇನ್ನು ನಿನ್ನ ಸಲಹೆ ಬೇಡ ಮಾವ. ಸಿಟ್ಟಿನಿಂದ ಹೇಳುತ್ತಿಲ್ಲ. ಸಿಟ್ಟಿನಿಂದಲೇ ಹೇಳುತ್ತಿದ್ದೇನೆ. ನಿನಗೆ ಜಗತ್ತೆಲ್ಲ ನಿನ್ನ ಅಂಗಳ. ಇಲ್ಲಿ ಅಂಗಳವೇ ಇಲ್ಲ. ಇಲ್ಲಿರುವುದು ಮೇಜುಗಳು. ಎಲ್ಲರೂ ಒಬ್ಬರ ಮೇಜಿಗೆ ಒಬ್ಬರು ಏನೋ ಇಟ್ಟು ಹೋಗುತ್ತಲೇ ಇರುತ್ತಾರೆ. ನನ್ನ ಮೇಜು ಮಾತ್ರ ಒರೆಸಿಟ್ಟ ತಟ್ಟೆಯ ಹಾಗಿದೆ.

ಚಿಲಕ


ಮಾರ್ಚ್ 27

ಚಿಲಕಮ್ಮ,

ಸಲಹೆ ಬೇಡ ಅಂದೆಯಲ್ಲ, ಅದಕ್ಕೇ ಇಷ್ಟು ದಿನ ಬರೆಯಲಿಲ್ಲ. ಇದೂ ನನ್ನ ಸಲಹೆಯಲ್ಲ, ನಿನ್ನ ಅತ್ತೆಯದು. ನಾನು ಬರೀ ಕೈ.

ನಿನ್ನ ಪತ್ರಗಳನ್ನೆಲ್ಲ ಮೊದಲಿಂದ ಓದಿ ಅಂದಳು. (ಮೊದಲನೆಯದನ್ನು ಓದಿ ಹೇಳು ಅಂದಿದ್ದೆ, ನಾನು ಆಗ ಒಪ್ಪಂದದ ಭಾಗ ಮಾತ್ರ ಓದಿದ್ದೆ.) ಓದಿದೆ. ಮೊದಲನೇ ಪತ್ರ ಮುಗಿಯುವ ಹೊತ್ತಿಗೇ ತಲೆ ಚಚ್ಚಿಕೊಂಡಳು.

"ಮರೆತು ಹೋಗಿದ್ದಲ್ಲ ಕಣ್ರೀ ಅದು!"

"ಮತ್ತೆ?"

"ನಿಮ್ಮ ಕುರ್ಚಿ ಮೇಲೆ ನಾನು ಸೋರೋ ನಲ್ಲಿ ಬಿಚ್ಚಿಡ್ತೀನಲ್ಲ, ಮರೆತು ಇಡ್ತೀನಾ?"

ಯೋಚಿಸಿ ನೋಡಿದೆ. ಮದುವೆಯಾದಾಗಿನಿಂದ ಈ ಮನೆಯಲ್ಲಿ ನನ್ನ ಕುರ್ಚಿಯ ಮೇಲೆ ನಲ್ಲಿ, ಪೇಪರಿನ ಮೇಲೆ ಹಿಡಿ ಕಿತ್ತ ಸೌಟು, ಚಪ್ಪಲಿಯ ಪಕ್ಕ ಕೆಟ್ಟ ಗಡಿಯಾರ. ಒಂದು ಮಾತೂ ಆಡುವುದಿಲ್ಲ ಅವಳು. ಸರಿ ಮಾಡಿ ಅದರ ಜಾಗದಲ್ಲಿ ಇಟ್ಟರೆ, ಆವತ್ತಿನ ಕಾಫಿಗೆ ಬೇರೆಯೇ ರುಚಿ. ಮದುವೆಯಾದ ಹೊಸದರಲ್ಲಿ ಒಂದು ಸಲ ಸೌಟನ್ನು ತಗೊಂಡು ಹೋಗಿ, "ನೋಡು, ಇಲ್ಲಿ ಮರೆತಿದ್ದೀಯ" ಅಂತ ಕೊಟ್ಟೆ. ಅವಳು ಹೇಗೆ ನೋಡಿದಳು ಅಂದರೆ... ಬಿಡು, ನೀನು ಇನ್ನೂ ಚಿಕ್ಕವಳು.

ಅತ್ತೆ ಹೇಳುವುದು ಇಷ್ಟು. ಬಾಯಿಬೀಗ ಸಾಹೇಬರು ಬೀಗವನ್ನು ನಿನ್ನ ಮೇಜಿನ ಮೇಲಿಟ್ಟು, 'ಇದರಲ್ಲಿ ಏನು ಊನ ಇದೆ ನೋಡಿ ಹೇಳು, ಯಾರಿಗೂ ಗೊತ್ತಾಗದ ಹಾಗೆ ಹೇಳು' ಅಂತ ಕೇಳಿದ್ದಾರೆ. ನೀನು ಮುಟ್ಟದೆ ಹಿಂದಕ್ಕೆ ಕೊಟ್ಟೆ. ಅಂದರೆ, ಏನೂ ಊನವಿಲ್ಲ ಅಂದೆ. ಮೂರು ವಾರ ಕಳೆದು, ಊರೆಲ್ಲ ಸೇರಿಸಿ ಅದೇ ಬೀಗವನ್ನು ಪಿನ್ನಿನಿಂದ ಬಿಚ್ಚಿದೆ. ಈಗ ಅವರ ಜಾಗದಲ್ಲಿ ಕೂತು ನೋಡು. ಜೋಕಿನ ಹಾಗೆ ಕಾಣುತ್ತಾ ಅದು? ಬೇಕಂತ ಹೊಂಚು ಹಾಕಿದ ಹಾಗೆ ಕಾಣುತ್ತೆ.

ಇದನ್ನು ಕೇಳಿದ ಮೇಲೆ ನನಗೂ ಜೋಕು ಹೊಳೆಯಲಿಲ್ಲ. ದಾಖಲಾಗಲಿ ಅಂತ ಬರೆದಿದ್ದೇನೆ.

ಮುಂದೇನು ಮಾಡಬೇಕು ಅಂತ ಅತ್ತೆಯೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಅಲ್ಲಿ ಇರುವವಳು ನೀನು.

ಮಾವ (ಬಾಯಿ ಅತ್ತೆಯದು)


ಏಪ್ರಿಲ್ 22

ಅತ್ತೆಗೆ ಸಾಷ್ಟಾಂಗ ನಮಸ್ಕಾರ. ಮಾವನಿಗೆ ಉಳಿದದ್ದು.

ಪತ್ರ ಓದಿ ಆ ದಿನವೆಲ್ಲ ಕೆಲಸ ಮಾಡುತ್ತಿರುವವಳ ಹಾಗೆ ನಟಿಸುತ್ತಾ, ಬರೀ ಮೇಜುಗಳನ್ನು ನೋಡಿದೆ. ಅತ್ತೆ ಹೇಳಿದ್ದು ಅಕ್ಷರಶಃ ನಿಜ. ಮನೆಗೆ ಹೋಗುವಾಗ ಒಬ್ಬರು ಇನ್ನೊಬ್ಬರ ಮೇಜಿನ ಮೇಲೆ ತಮ್ಮ ಕೈಲಾಗದ್ದನ್ನು ಇಟ್ಟು ಹೋಗುತ್ತಾರೆ, ತಪ್ಪಿರುವ ಕಡೆ ಮೇಲೆ ಮಾಡಿ. ಮಾರನೇ ದಿನ ಅದು ಸರಿಯಾಗಿ ಹಿಂದಕ್ಕೆ ಬಂದಿರುತ್ತೆ. ಇಟ್ಟವರೂ ಮಾತಾಡುವುದಿಲ್ಲ, ತಿದ್ದಿದವರೂ ಮಾತಾಡುವುದಿಲ್ಲ. ಆದ್ದರಿಂದಲೇ ಇಲ್ಲಿ ಯಾರೂ ಯಾರ ಮುಂದೆಯೂ ಚಿಕ್ಕವರಾಗುವುದಿಲ್ಲ. ನಾನು ಬಂದ ಮೊದಲ ದಿನವೇ ನನ್ನನ್ನು ತಮ್ಮವಳು ಅಂತ ತಿಳಿದು ಇಟ್ಟಿದ್ದರು ಮಾವ. ನಾನು ಒಬ್ಬೊಬ್ಬರ ಮನೆ ಬಾಗಿಲಿಗೂ ಹೋಗಿ, ಬೇಡ ಅಂತ ಹೇಳಿ ಬಂದಿದ್ದೆ!

ವಿನ್ಯಾಸಗಾರರ ಬೀಗದ ಬಗ್ಗೆ ಮಾತೆತ್ತಲು ನನಗೆ ಮುಖವಿರಲಿಲ್ಲ. ಹಾಗಾಗಿ ನಮ್ಮದನ್ನೇ ಇಟ್ಟೆ. ಮೇಸ್ತ್ರಿ ಕಳಿಸಿದ ಮಾದರಿಗಳಲ್ಲಿ ಒಂದು ಒಡಲಿನ ಮೂಲೆಯಲ್ಲಿ, ಎರಕ ಹುಯ್ಯುವಾಗ ಗಾಳಿ ಸಿಕ್ಕಿಕೊಂಡು ಆದ ಗಾಳಿತೂತು ಇತ್ತಲ್ಲ, ಯಾರಿಗೂ ಕಾಣಬಾರದು ಅಂತ ಸೂಟ್‌ಕೇಸಿನ ತಳದಲ್ಲಿ ಬಚ್ಚಿಟ್ಟಿದ್ದೆ. ಅದನ್ನು ತೆಗೆದು, ತೂತು ಕಾಣುವ ಹಾಗೆ ಅವರ ಮೇಜಿನ ನಡುವೆ ಇಟ್ಟು ಮನೆಗೆ ಬಂದೆ. ಒಪ್ಪಂದ ಬೇಕಾದವಳು ತನ್ನ ಕೆಟ್ಟ ಸರಕನ್ನು ತಾನೇ ತೋರಿಸಿದರೆ ಏನಾಗಬಹುದು ಅಂತ ನನಗೂ ಗೊತ್ತಿತ್ತು. ಆದರೆ ಇಲ್ಲಿನವರ ಜೊತೆ ಕೆಲಸ ಮಾಡುವುದಾದರೆ ಇಲ್ಲಿನವರ ಹಾಗೇ ಮಾಡಬೇಕು ಅನ್ನಿಸಿತು.

ಎರಡು ದಿನ ಏನೂ ಇಲ್ಲ. ಆಮೇಲೆ ಒಂದು ಬೆಳಿಗ್ಗೆ ನನ್ನ ಮೇಜಿನ ಮೇಲೆ ಆ ಒಡಲು. ಪಕ್ಕದಲ್ಲಿ ಮೇಣದಲ್ಲಿ ಮಾಡಿದ ಒಂದು ಚಿಕ್ಕ ಅಚ್ಚು. ಲೋಹ ಹುಯ್ಯುವ ಬಾಯಿಯನ್ನು ಮೂಲೆಯಿಂದ ನಡುವಿಗೆ ತಂದಿದ್ದಾರೆ. ಅಷ್ಟೇ! ಫೋಟೋ ತೆಗೆದು ಮೇಸ್ತ್ರಿಗೆ ಕಳಿಸಿದೆ. "ಅಯ್ಯೋ, ಇದು ನನಗ್ಯಾಕೆ ಹೊಳೀಲಿಲ್ಲ ಮೇಡಂ" ಅಂತ ಫೋನಿನಲ್ಲಿ ಕೂಗಾಡಿದರು. ಮಾರನೇ ವಾರ ಬಂದ ಮಾದರಿಯಲ್ಲಿ ಗಾಳಿತೂತು ಇಲ್ಲ.

ಅದನ್ನು ವಿನ್ಯಾಸಗಾರರು ನೋಡಿದ ದಿನ ಸಂಜೆ, ಬಟ್ಟೆಯಲ್ಲಿ ಸುತ್ತಿದ ಪೆಟ್ಟಿಗೆ ನನ್ನ ಮೇಜಿಗೆ ಬಂತು. ಒಳಗೆ ಅದೇ ಬೀಗ. ನಾನು ಸ್ಪ್ರಿಂಗ್ ಇರುವ ಜಾಗಕ್ಕೆ ನೇರವಾಗಿ ನನ್ನ ಹೇರ್‌ಪಿನ್ ಇಟ್ಟು, ಅವರ ಮೇಜಿಗೆ ತಲುಪಿಸಿದೆ. ಒಂದು ಅಕ್ಷರ ಬರೆಯಲಿಲ್ಲ. ಪಕ್ಕದ ಮೇಜಿನ ಹೆಂಗಸು ನೋಡಿದಳು, ನೋಡದವಳ ಹಾಗೆ ಕೀಲಿಕೈ ಉಜ್ಜಿದಳು. ಮಾರನೇ ಬೆಳಿಗ್ಗೆ ನನ್ನ ಮೇಜಿನ ಮೇಲೆ ಅವಳದೊಂದು ಕೀಲಿಕೈ ಇತ್ತು. ಅದರಲ್ಲಿ ಒಂದು ಹಲ್ಲು ಸ್ವಲ್ಪ ಉದ್ದ. ಆವತ್ತು ನನಗೆ ಎಷ್ಟು ಖುಷಿಯಾಯಿತು ಅಂದರೆ, ಅದನ್ನು ಉಜ್ಜುತ್ತಾ ಊಟಕ್ಕೆ ಹೋಗುವುದನ್ನೇ ಮರೆತೆ.

ಈಗ ಮುಖ್ಯ ವಿಷಯ. ವಿನ್ಯಾಸಗಾರರು ಬೀಗವನ್ನು ಪೂರ್ತಿ ಬದಲಾಯಿಸಿದ್ದಾರೆ. ನನ್ನ ಪಿನ್ನಿಗೆ ಅದು ಬಗ್ಗಲಿಲ್ಲ. ಮುಖ್ಯಸ್ಥರು ಸಹಿ ಹಾಕಲು ಸಿದ್ಧ. ಆದರೆ ವಿನ್ಯಾಸಗಾರರೇ ತಡೆದರು. "ಇವರಿಗೆ ಕಲಿಸಿದವರು ಒಬ್ಬರಿದ್ದಾರೆ. ಅವರ ಕೈಗೆ ಕೊಡದೆ ನಾನು ಒಪ್ಪಲ್ಲ" ಅಂದರು. ಬೀಗ ತಗೊಂಡು ಅವರೇ ನಿನ್ನ ಹತ್ತಿರ ಬರುತ್ತಿದ್ದಾರೆ. ಒಬ್ಬರೇ. ನೀನು ತೆಗೆದುಬಿಟ್ಟರೆ ಮತ್ತೆ ಮೊದಲಿಂದ ಶುರು ಮಾಡಬೇಕು, ಮೇ ತಿಂಗಳು ದಾಟುತ್ತೆ, ಕೆಲಸ ಆ ಇನ್ನೊಂದು ಕಂಪನಿಗೆ ಹೋಗುತ್ತೆ.

ಹಾಗಂತ ಬೇಕಂತಲೇ ಸೋಲಬೇಡ ಮಾವ. ಅವರಿಗೆ ಗೊತ್ತಾಗುತ್ತೆ. ಗೊತ್ತಾದರೆ, ಅದು ನಾನು ಮಾಡಿದ್ದಕ್ಕಿಂತ ದೊಡ್ಡ ಅವಮಾನ. ನಿನ್ನ ಕೈಯಲ್ಲಿರುವ ವಿದ್ಯೆಯೆಲ್ಲ ಹಾಕಿ ನೋಡು.

ಅವರದೊಂದು ಷರತ್ತಿದೆ. ಕೋಣೆಯ ಬಾಗಿಲು ಮುಚ್ಚಿರಬೇಕು. ನೀವಿಬ್ಬರೇ. ಮೇಸ್ತ್ರಿ ಇಲ್ಲ, ಅತ್ತೆ ಇಲ್ಲ, ದುಭಾಷಿ ಇಲ್ಲ. ಪ್ರೇಕ್ಷಕರಿಲ್ಲದೆ ನಿನ್ನಿಂದ ಆಗುತ್ತಾ?

ಚಿಲಕ


ಏಪ್ರಿಲ್ 30

ಚಿಲಕ,

ಪ್ರೇಕ್ಷಕರಿಲ್ಲದೆ? ನಾನು ಕ್ಷೌರ ಮಾಡಿಕೊಳ್ಳುವುದೂ ನಾಲ್ಕು ಜನರ ಮುಂದೆ! ಬೆಕ್ಕಾದರೂ ಇರಲಿ ಒಳಗೆ ಅಂತ ಕೇಳಿದ್ದಕ್ಕೆ ಅತ್ತೆ, "ಷರತ್ತು ಅಂದ್ರೆ ಷರತ್ತು" ಅಂತ ಬೆಕ್ಕನ್ನು ಈಗಲೇ ಹೊರಗೆ ಹಾಕಿದ್ದಾಳೆ.

ಬರಲಿ. ಬಾಯಿಬೀಗಕ್ಕೂ ಬಾಯಿಬಡುಕನಿಗೂ ಒಂದು ಕೈ ಆಗಿಯೇಬಿಡಲಿ. ಆದರೆ ಒಂದು ಮಾತು ಈಗಲೇ ಹೇಳಿರುತ್ತೇನೆ. ನಾನು ಸುಳ್ಳು ಸುಳ್ಳಾಗಿ ಸೋಲುವವನಲ್ಲ. ಎರಕದ ಮನೆ ನಾನು ಕಟ್ಟಿದ್ದು ಹೌದು, ಮೋಸದ ಮೇಲೆ ಕಟ್ಟಲಿಲ್ಲ. ತೆಗೆಯಲು ಬಂದರೆ ತೆಗೆಯುತ್ತೇನೆ. ಆಮೇಲೆ ಏನಾಗುತ್ತೋ ಆಗಲಿ.

ಮಾವ


ಮೇ 16

ಚಿಲಕಮ್ಮ,

ಬಂದರು. ಒಂದು ಚಿಕ್ಕ ಚೀಲ, ಇಸ್ತ್ರಿ ಮಾಡಿದ ಅಂಗಿ, ಮುಖದಲ್ಲಿ ಏನೂ ಇಲ್ಲ. ಅಂಗಳದಲ್ಲಿ ಎಲ್ಲರೂ ಸಾಲಾಗಿ ನಿಂತಿದ್ದರು. ಮೇಸ್ತ್ರಿ ಹೊಸ ಅಂಗಿ ಹಾಕಿದ್ದ. ನಾವಿಬ್ಬರೂ ಅಚ್ಚಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆವು.

ಅವರ ಭಾಷೆ ನನಗೆ ಬಾರದು, ನನ್ನದು ಅವರಿಗೆ ಬಾರದು. ಆದರೂ ಎರಡು ಜೋಕು ಹೇಳಿದೆ, ಚಟ ನೋಡು. ಅವರು ಮರ್ಯಾದೆಯಿಂದ ಕೇಳಿಸಿಕೊಂಡರು. ಆಮೇಲೆ ಬೀಗವನ್ನು ನನ್ನ ಮುಂದಿಟ್ಟು, ಕಿಟಕಿಯ ಹತ್ತಿರ ಹೋಗಿ, ನನಗೆ ಬೆನ್ನು ಮಾಡಿ ನಿಂತರು. ಹೊರಗೆ ನೋಡಲು ಏನಿದೆ? ಹಿತ್ತಲ ಗೋಡೆ, ಒಂದು ಮುರುಕು ಬಕೆಟ್ಟು. ಅದನ್ನೇ ನೋಡುತ್ತಾ ನಿಂತರು.

ನನ್ನ ಪೆಟ್ಟಿಗೆ ಬಿಚ್ಚಿದೆ. ತೆಳ್ಳನೆ ಪಿನ್ನು ಹಾಕಿದೆ, ದಪ್ಪದು ಹಾಕಿದೆ, ಕೊಕ್ಕೆ ಹಾಕಿದೆ. ಒಳಗೆ ಒಂದು ಕೀಲು ಬಾ ಅನ್ನುತ್ತೆ, ಇನ್ನೊಂದು ಹೋಗು ಅನ್ನುತ್ತೆ. ಕಿವಿಯಿಟ್ಟು ಕೇಳಿದೆ, ಕಣ್ಣು ಮುಚ್ಚಿ ತಿರುವಿದೆ. ಬೆವರು ಮೂಗಿನ ತುದಿಗೆ ಬಂತು. ನಾನು ತೆಗೆಯುವ ಬೀಗ ಯಾವತ್ತೂ ನನ್ನ ಜೊತೆ ಇಷ್ಟು ಹೊತ್ತು ಮಾತಾಡಿರಲಿಲ್ಲ. ನಡುವೆ ಒಂದು ಸಲ ಕೀಲು ಅರ್ಧ ಎದ್ದಿತು ಕಣೆ. ಆಗ ನಿನ್ನ ನೆನಪಾಯಿತು, ಮೇಸ್ತ್ರಿಯ ಹೊಸ ಅಂಗಿ ನೆನಪಾಯಿತು. ಆದರೂ ಬಿಡಲಿಲ್ಲ, ಒತ್ತಿದೆ, ಮನಸ್ಸಿಟ್ಟು ಒತ್ತಿದೆ. ಅದು ಮತ್ತೆ ಕೆಳಗೆ ಕೂತಿತು.

ತೆಗೆಯಲಿಲ್ಲ ಚಿಲಕ. ವಯಸ್ಸಾಯಿತು, ಕೈ ನಡುಗಿತು ಅಂತ ಹೇಳಬಹುದು. ನಡುಗಲಿಲ್ಲ. ಬೀಗ ಚೆನ್ನಾಗಿದೆ.

ಪಿನ್ನು ಕೆಳಗಿಟ್ಟು ಬೀಗವನ್ನೇ ನೋಡುತ್ತಾ ಕೂತಿದ್ದೆ. ಆ ಮನುಷ್ಯ ತಿರುಗಲಿಲ್ಲ. ಪಿನ್ನು ಇಟ್ಟ ಸದ್ದು ಕೇಳಿಸಿರಬೇಕು, ಆದರೂ ತಿರುಗಲಿಲ್ಲ. ನಾನು ಮುಖ ಒರೆಸಿಕೊಂಡು, ಅಂಗಿ ಸರಿ ಮಾಡಿಕೊಂಡು, ಪೆಟ್ಟಿಗೆ ಮುಚ್ಚಿ, ಕೆಮ್ಮಿದ ಮೇಲೆ ತಿರುಗಿದರು. ನನ್ನ ಕೈಯಲ್ಲಿ ಸೋತವನು ಹೀಗೆ ಕೂತಿದ್ದರೆ ನಾನು ಬಾಗಿಲು ತೆರೆದು ಇಡೀ ಬೀದಿಯನ್ನು ಕರೆಯುತ್ತಿದ್ದೆ. ಈ ವಯಸ್ಸಿನಲ್ಲಿ, ಮುಚ್ಚಿದ ಬಾಗಿಲು ಎಷ್ಟು ದೊಡ್ಡ ಉಪಕಾರ ಅಂತ ಗೊತ್ತಾಯಿತು. ಅವರ ಮುಖ ನೋಡಿದರೆ ಅವರಿಗೂ ಬೆವರು! ಅಷ್ಟು ಹೊತ್ತೂ ಆ ಬಕೆಟ್ಟು ನೋಡುತ್ತಾ ಅವರೂ ಉಸಿರು ಕಟ್ಟಿ ನಿಂತಿದ್ದರು.

ಬೀಗವನ್ನು ಎರಡೂ ಕೈಯಿಂದ ಎತ್ತಿ ಅವರ ಕೈಗೆ ಕೊಟ್ಟೆ. ಅವರು ಫೋನ್ ತೆಗೆದು ನಿಮ್ಮ ಮುಖ್ಯಸ್ಥರಿಗೆ ಒಂದೇ ಒಂದು ಮಾತು ಹೇಳಿದರು.

ಬಾಗಿಲು ತೆರೆದರೆ ಹೊರಗೆ ಅಷ್ಟೂ ಜನ. "ಏನಾಯ್ತು ಯಜಮಾನ್ರೇ? ತೆಗೆದ್ರಾ? ಹೆಂಗಿತ್ತು? ಬೈದ್ರಾ?" ಅಂತ ಮುತ್ತಿಕೊಂಡರು. ಬಾಯಿ ತೆರೆದೆ. ನಾಲಿಗೆಯ ತುದಿಯಲ್ಲಿ ಒಳ್ಳೊಳ್ಳೆಯ ಮಾತುಗಳು ಕೂತಿದ್ದವು. ಪಕ್ಕದಲ್ಲಿ ಅವರು ನಿಂತಿದ್ದರು.

"ಕುಲುಮೆ ಹೊತ್ತಿಸ್ರೋ" ಅಂದೆ. ಅಷ್ಟೇ ಅಂದದ್ದು.

ಸಹಿಯಾಯಿತು ಅಂತ ನಿನ್ನ ಸಂದೇಶ ಬರುವ ಹೊತ್ತಿಗೆ ಮೇಸ್ತ್ರಿ ಹೊಸ ಅಂಗಿಯನ್ನು ಮಸಿ ಮಾಡಿಕೊಂಡಿದ್ದ.

ರಾತ್ರಿ ಊಟಕ್ಕೆ ಕೂತಾಗ ನಿನ್ನ ಅತ್ತೆ, "ಒಳಗೇನಾಯ್ತು ಅಂತ ಹೇಳ್ಬಾರ್ದಾ?" ಅಂದಳು. ತಟ್ಟೆ ನೋಡುತ್ತಾ ಕೂತೆ. "ಹುಷಾರಾಗಿದ್ದೀರಿ ತಾನೆ?" ಅಂತ ಹಣೆ ಮುಟ್ಟಿ ನೋಡಿದಳು.

ನಿನಗೂ ಹೇಳಬಾರದಿತ್ತು. ಆದರೆ ಆ ಕೋಣೆಗೆ ನಿನ್ನನ್ನೂ ಒಳಗೆ ಕರೆದು ಬಾಗಿಲು ಹಾಕಿಕೊಂಡಿದ್ದೇನೆ ಅಂದುಕೊ. ಓದಿ ಮುಗಿಸಿ, ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡು.

ಇಂತಿ,
ನಿನ್ನ ಮಾವ